ಅಣುಸ್ಥಾವರದ ಕೊಳವೆ: ಗುಣಕ ಮೂರು, ಭರವಸೆ ಎಷ್ಟು?

ಅಮೆರಿಕದ ಎಎಸ್‌ಎಂಇ ಸಂಸ್ಥೆ (ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ರಿಯಾಕ್ಟರ್ ಪಾತ್ರೆಗಳಿಗೆ 1963ರಲ್ಲಿ ಅಣುಸಂಹಿತೆ, ಅಂದರೆ ವಿನ್ಯಾಸದ ನಿಯಮಾವಳಿ, ಬರೆಯಿತು. ಕೊಳವೆಗಳು ಅದರೊಳಗೆ ಬಂದದ್ದು 1971ರಲ್ಲಿ. ಲೆಕ್ಕದ ಬುಡ ಸರಳ. ಉಕ್ಕು ಹರಿದುಹೋಗುವ ಬಲದ ಮೂರನೇ ಒಂದು ಭಾಗ, ಇಲ್ಲವೇ ಯೀಲ್ಡ್ ಮಿತಿಯ (ಅದನ್ನು ದಾಟಿದರೆ ಉಕ್ಕು ಶಾಶ್ವತವಾಗಿ ಹಿಗ್ಗುತ್ತದೆ) ಮೂರನೇ ಎರಡು ಭಾಗ, ಯಾವುದು ಕಡಿಮೆಯೋ ಅದೇ ಲೋಹದೊಳಗಿನ ಬಿಗಿತದ, ಅಂದರೆ ಸ್ಟ್ರೆಸ್‌ನ ಆಧಾರಮಿತಿ. ಸ್ಟೇನ್‌ಲೆಸ್ ಉಕ್ಕಿಗೆ ಕೊಂಚ ರಿಯಾಯಿತಿ ಉಂಟು.

ಸುರಕ್ಷತಾ ಗುಣಕ, ಅಂದರೆ ಬಲ ಹೊರೆಯ ಎಷ್ಟು ಪಟ್ಟು ಎಂಬುದು, ಮೂರು ಎಂದಾಕ್ಷಣ ನೆಮ್ಮದಿ ಮೂಡುತ್ತದೆ. ಆದರೆ ಬಲದ ಸರಾಸರಿ 3, ಹೊರೆಯ ಸರಾಸರಿ 1 ಎಂದಿಟ್ಟುಕೊಳ್ಳಿ. ಬಲದ ಏರುಪೇರು ಶೇ. 10, ಹೊರೆಯದು ಶೇ. 20 ಆದರೆ ವಿಶ್ವಾಸಾರ್ಹತಾ ಸೂಚ್ಯಂಕ (ಎರಡು ಸರಾಸರಿಗಳ ಅಂತರ ಅವುಗಳ ಒಟ್ಟು ಏರುಪೇರಿನ ಎಷ್ಟು ಪಟ್ಟು ಎಂಬ ಅಳತೆ) 5.5: ವೈಫಲ್ಯ ಹತ್ತು ಕೋಟಿಗೆ ಒಂದೆರಡು. ಹೊರೆಯ ಏರುಪೇರು ಶೇ. 60ಕ್ಕೆ ಏರಿದರೆ ಸೂಚ್ಯಂಕ 3ರ ಆಸುಪಾಸಿಗೆ ಇಳಿದು, ವೈಫಲ್ಯ ಸಾವಿರಕ್ಕೆ ಒಂದನ್ನು ದಾಟುತ್ತದೆ. ಗುಣಕ ಮಾತ್ರ ಅದೇ ಮೂರು. ಕೊಳವೆಯ ಸ್ವಂತ ತೂಕ ಮೊದಲ ಬಗೆಯ ಹೊರೆ, ಭೂಕಂಪ ಎರಡನೆಯದು.

ಭೂಕಂಪದ ಭಯಕ್ಕೆ 1970ರ ದಶಕದಲ್ಲಿ ಸಿಕ್ಕ ಮದ್ದು ಆಸರೆಗಳನ್ನು ಹೆಚ್ಚಿಸುವುದು. ಕೊಳವೆ ಬಿಸಿಯಾಗಿ ನಿಧಾನ ಹಿಗ್ಗುವಾಗ ಬಿಟ್ಟುಕೊಟ್ಟು, ಹಠಾತ್ ಅಲುಗಾಡಿದರೆ ಬಿಗಿಹಿಡಿಯುವ ಸ್ನಬ್ಬರ್‌ಗಳು ಸಾಲುಗಟ್ಟಿದವು. ತುಕ್ಕು ಹಿಡಿದು ಸ್ನಬ್ಬರ್ ಬಿಗಿದು ನಿಂತರೆ ಹಿಗ್ಗಲು ಜಾಗವಿಲ್ಲದ ಕೊಳವೆ ದಿನನಿತ್ಯವೂ ದಣಿಯುತ್ತದೆ. ಎಂದೋ ಬರಬಹುದಾದ ಕಂಪನಕ್ಕೆ ದಿನವೂ ತೆರುವ ಸುಂಕ ಇದು.

1980ರ ದಶಕದಲ್ಲಿ ಒಳಒತ್ತಡ ತುಂಬಿದ ಕೊಳವೆಗಳನ್ನು ಕಂಪನ ಮೇಜಿನ ಮೇಲೆ ವಿನ್ಯಾಸಮಿತಿಯ ಎಷ್ಟೋ ಪಟ್ಟು ಅಲುಗಾಡಿಸಿ ನೋಡಿದರು. ಲೆಕ್ಕ ಹೇಳಿದಂತೆ ಅವು ಕುಸಿದು ಬೀಳಲಿಲ್ಲ. ಬಾಗುಗಳು ಸುತ್ತುಸುತ್ತಿಗೆ ಚೂರುಚೂರೇ ಉಬ್ಬಿ, ಕೊನೆಗೆ ದಣಿವಿನ ಬಿರುಕಿನಿಂದ ಸೋರಿದವು. ಮುರಿಯುವ ಬಗೆಯನ್ನೇ ಸೂತ್ರ ತಪ್ಪಾಗಿ ಊಹಿಸಿತ್ತು. ಅತಿತೀವ್ರ ಕಂಪನದ ಮಿತಿಯನ್ನು ಸಂಹಿತೆ 1994ರಲ್ಲಿ ಆಧಾರಮಿತಿಯ 3 ಪಟ್ಟಿನಿಂದ 4.5 ಪಟ್ಟಿಗೆ ಏರಿಸಿತು. ಅಮೆರಿಕದ ಅಣು ನಿಯಂತ್ರಣ ಆಯೋಗ ಒಪ್ಪಲಿಲ್ಲ. ಚರ್ಚೆ ವರ್ಷಗಟ್ಟಲೆ ಎಳೆಯಿತು.

ಒಂದೇ ಗುಣಕದ ಬದಲು ತೂಕಕ್ಕೆ, ಒತ್ತಡಕ್ಕೆ, ಭೂಕಂಪಕ್ಕೆ, ಉಕ್ಕಿನ ಬಲಕ್ಕೆ ಬೇರೆಬೇರೆ ಗುಣಕ ಕೊಡುವ ಪದ್ಧತಿಯೂ ಇದೆ. ಕಟ್ಟಡದ ಎಂಜಿನಿಯರುಗಳಿಗೆ ಇದು ಹಳೆಯ ಪಾಠ. ಕೊಳವೆಯವರು ಇನ್ನೂ ಹೊಸ್ತಿಲಲ್ಲೇ ಇದ್ದಾರೆ.

ಆದರೆ ಆ ಗುಣಕಗಳೂ ಅಳೆಯುವುದು ಹೊಸ ಕೊಳವೆಯನ್ನು. ಜಪಾನಿನ ಮಿಹಾಮಾ ಅಣುಸ್ಥಾವರದಲ್ಲಿ 2004ರಲ್ಲಿ ಒಡೆದು ಐವರನ್ನು ಬಲಿತೆಗೆದುಕೊಂಡ ಕೊಳವೆಯ ಗೋಡೆ ಮೂಲದಲ್ಲಿ 10 ಮಿ.ಮೀ. ಇತ್ತು. ಬಿಸಿನೀರಿನ ಹರಿವು ಅದನ್ನು 2 ಮಿ.ಮೀ.ಗಿಂತ ತೆಳುವಾಗಿ ಸವೆಸಿತ್ತು. ಆ ಜಾಗ ತಪಾಸಣೆಯ ಪಟ್ಟಿಯಲ್ಲೇ ಬಿಟ್ಟುಹೋಗಿತ್ತು.