‘ಆಬ್ರೆ ಲೋಸ್ ಓಹೋಸ್’: ಬೆಸುಗೆ ಬಿದ್ದ ಜಾಗ ಯಾವುದು?

1997ರ ಸ್ಪ್ಯಾನಿಷ್ ಸಿನಿಮಾ. ನಿರ್ದೇಶನ ಅಲೆಹಾಂದ್ರೊ ಅಮೆನಾಬಾರ್, ಚಿತ್ರಕಥೆಯಲ್ಲಿ ಜೊತೆಗಾರ ಮಾತೆಯೊ ಹಿಲ್. ಸೆಸಾರ್ ಆಗಿ ಎದುವಾರ್ದೊ ನೊರಿಯೇಗಾ, ಸೋಫಿಯಾ ಆಗಿ ಪೆನೆಲೋಪೆ ಕ್ರೂಸ್, ನೂರಿಯಾ ಆಗಿ ನಾಜ್ವಾ ನಿಮ್ರಿ, ಗೆಳೆಯ ಪೆಲಾಯೊ ಆಗಿ ಫೆಲೆ ಮಾರ್ತಿನೆಸ್, ಮನೋವೈದ್ಯ ಆಂತೋನಿಯೊ ಆಗಿ ಚೆತೆ ಲೇರಾ. 2001ರ ಹಾಲಿವುಡ್ ರೀಮೇಕಿನಲ್ಲೂ ಸೋಫಿಯಾ ಕ್ರೂಸ್ ಅವರೇ. ಹಾಗಾಗಿ ಎರಡನ್ನೂ ನೋಡಿದವರ ತಲೆಯಲ್ಲಿ ದೃಶ್ಯಗಳು ಕಲಸಿಹೋಗುತ್ತವೆ. ಈ ಟಿಪ್ಪಣಿ ಮೂಲ ಚಿತ್ರದ್ದು. ಕೊನೆಯ ಗುಟ್ಟನ್ನೂ ಬಿಚ್ಚಿಟ್ಟೇ ಬರೆದಿದೆ, ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಹೆಸರಿನ ವ್ಯಾಕರಣ

‘ಆಬ್ರೆ’ ಅನ್ನುವುದು ಏಕವಚನದ ಸಲುಗೆಯ ಆಜ್ಞೆ. ‘ನೀವು’ ಅನ್ನುವವರಿಗಾದರೆ ‘ಆಬ್ರಾ’ ಆಗಬೇಕಿತ್ತು. ‘ಲೋಸ್ ಓಹೋಸ್’ನಲ್ಲಿ ಕಣ್ಣುಗಳಷ್ಟೇ ಇವೆ, ‘ನಿನ್ನ’ ಇಲ್ಲ. ನಾವೂ ‘ಕಣ್ಣು ಬಿಡು’ ಅಂತೀವಿ, ಯಾರ ಕಣ್ಣು ಅಂತ ಹೇಳುವುದಿಲ್ಲ. ಇಂಗ್ಲಿಷ್ ದಾಟಿ ಬರದೆ ನೇರ ಕನ್ನಡಕ್ಕೆ ಬಂದರೆ ಈ ಸಾಲಿಗೆ ಯಾವ ತೊಡಕೂ ಇಲ್ಲ. ಗಮನಿಸಬೇಕಾದ್ದು ಸಲುಗೆಯನ್ನು: ಹತ್ತಿರದವರು ಎಬ್ಬಿಸುವ ಮಾತು ಇದು. ಚಿತ್ರದಲ್ಲಿ ಈ ಸಾಲು ಬಂದಾಗಲೆಲ್ಲ ಯಾರ ದನಿ ಅಂತ ಅಂಚಿನಲ್ಲಿ ಬರೆದುಕೊಳ್ಳಿ.

ಕಥೆ, ನಡೆದ ಕ್ರಮದಲ್ಲಿ

ಸೆಸಾರ್ 25ರ ಸುಂದರ, ಶ್ರೀಮಂತ, ತಂದೆತಾಯಿ ಇಲ್ಲದವನು. ಹುಟ್ಟುಹಬ್ಬದ ಪಾರ್ಟಿಗೆ ಪೆಲಾಯೊ ಕರೆತಂದ ಸೋಫಿಯಾ ಮೇಲೆ ಮನಸ್ಸಾಗುತ್ತದೆ. ಮರುದಿನ ಬೆಳಿಗ್ಗೆ ನೂರಿಯಾ ಅವನನ್ನು ಕಾರಿಗೆ ಹತ್ತಿಸಿಕೊಂಡು ಬೇಕಂತಲೇ ಅಪಘಾತ ಮಾಡುತ್ತಾಳೆ. ಅವಳು ಸಾಯುತ್ತಾಳೆ, ಇವನ ಮುಖ ವಿಕಾರವಾಗುತ್ತದೆ. ವೈದ್ಯರು ಕೈಚೆಲ್ಲಿ ಒಂದು ಮುಖವಾಡ ಕೊಡುತ್ತಾರೆ. ಡಿಸ್ಕೊದಲ್ಲಿ ಸೋಫಿಯಾ, ಪೆಲಾಯೊ ಜೊತೆಗಿನ ರಾತ್ರಿ ಕೆಟ್ಟು, ಕುಡಿದು ಬೀದಿಯಲ್ಲೇ ಬಿದ್ದುಕೊಳ್ಳುತ್ತಾನೆ.

ಇಲ್ಲಿಯವರೆಗೆ ನಿಜ. ಇಲ್ಲಿಂದ ಮುಂದಿನದೇ ಕಷ್ಟ.

ಬೆಸುಗೆ

ಪರದೆಯ ಮೇಲೆ: ಬೆಳಗಾಗುತ್ತದೆ, ಫುಟ್‌ಪಾತಿನಲ್ಲಿ ಸೋಫಿಯಾ ‘ಆಬ್ರೆ ಲೋಸ್ ಓಹೋಸ್’ ಅಂತ ಎಬ್ಬಿಸಿ ಪ್ರೀತಿ ಹೇಳಿಕೊಳ್ಳುತ್ತಾಳೆ. ನಿಜದಲ್ಲಿ ಆದದ್ದು: ಆ ರಾತ್ರಿಯ ನಂತರ ಅವಳು ಮತ್ತೆ ಸಿಗಲಿಲ್ಲ. ಸೆಸಾರ್ ‘ಲೈಫ್ ಎಕ್ಸ್‌ಟೆನ್ಷನ್’ ಅನ್ನುವ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ, ಮಾತ್ರೆ ನುಂಗಿ ಸತ್ತ, ದೇಹವನ್ನು ಶೀತದಲ್ಲಿ ಇಟ್ಟರು. ಒಪ್ಪಂದದಲ್ಲಿ ‘ಕೃತಕ ಅನುಭವ’ ಅನ್ನುವ ಕಲಮೂ ಇತ್ತು. ಆ ರಾತ್ರಿಯ ತುದಿಗೆ ಕನಸಿನ ಬೆಳಗನ್ನು ಬೆಸೆದು, ನಡುವೆ ಆದದ್ದನ್ನೆಲ್ಲ ನೆನಪಿನಿಂದ ಅಳಿಸಿದರು. ಒಂದೇ ಕಟ್‌ನಲ್ಲಿ ಸಾವೂ ಸುಮಾರು 150 ವರ್ಷವೂ ಮುಚ್ಚಿಹೋಗಿವೆ.

ಬಹುತೇಕರು ಎಡವುವುದು ಎರಡು ಕಡೆ. ಒಂದು, ಕನಸು ಕಾರು ಅಪಘಾತದಿಂದಲೇ ಶುರು ಅಂದುಕೊಳ್ಳುವುದು. ಅಪಘಾತವಾದ ಕೂಡಲೇ ಪಾರ್ಕಿನಲ್ಲಿ ಸೋಫಿಯಾ ಜೊತೆ ಕೂತು ‘ಕೆಟ್ಟ ಕನಸು ಬಿತ್ತು’ ಅಂತ ಹೇಳುವ ದೃಶ್ಯ ಬರುತ್ತದಲ್ಲ, ಅದು ಹಾದಿ ತಪ್ಪಿಸುತ್ತದೆ. ಆದರೆ ಅದು ನಿಜಜೀವನದ ಒಳಗೇ ಬಿದ್ದ ಮಾಮೂಲಿ ಕನಸು, ಎದ್ದಾಗ ಮುಖ ವಿಕಾರವಾಗಿಯೇ ಇದೆ. ಮೊದಲ ದೃಶ್ಯವೂ ಅಂಥದ್ದೇ: ಅಲಾರಂ, ನರಪಿಳ್ಳೆ ಇಲ್ಲದ ಮ್ಯಾಡ್ರಿಡ್‌ನ ಗ್ರಾನ್ ವಿಯಾ ಬೀದಿ, ಆಮೇಲೆ ಮತ್ತೆ ಅದೇ ಅಲಾರಂ, ಅದರಲ್ಲಿ ನೂರಿಯಾ ರೆಕಾರ್ಡ್ ಮಾಡಿಟ್ಟ ದನಿ. ರಾತ್ರಿ ಬೀಳುವ ಕನಸು ಬೇರೆ, ಕಂಪನಿ ಕೊಟ್ಟ ಕನಸು ಬೇರೆ. ಎರಡಕ್ಕೂ ಎರಡು ಬಣ್ಣದ ಪೆನ್ನು ಬಳಸಿ.

ಎರಡನೆಯದು ಇನ್ನೂ ತೊಡಕಿನದು. ಜೈಲಿನಲ್ಲಿ ಮುಖವಾಡ ಹಾಕಿ ಕೂತ ಸೆಸಾರ್ ಆಂತೋನಿಯೊಗೆ ಕಥೆ ಹೇಳುತ್ತಾನೆ, ಇಡೀ ಚಿತ್ರದ ಚೌಕಟ್ಟೇ ಅದು. ಚೌಕಟ್ಟು ಗಟ್ಟಿ ನೆಲ ಅಂತ ನಾವು ನಂಬಿರುತ್ತೇವೆ. ಆದರೆ ಜೈಲೂ ಆಂತೋನಿಯೊನೂ ಬೆಸುಗೆಯ ಆಚೆಗಿನವರು, ಕನಸಿನೊಳಗಿನವರು. ಹಾಗಾದರೆ ಅವನು ಹೇಳಿದ ಅಪಘಾತವೂ ಸುಳ್ಳೇ? ಅಲ್ಲ. ಕನಸಿನಲ್ಲಿ ಯಾರಿಗೋ ನಿಮ್ಮೂರ ಶಾಲೆಯ ಸುದ್ದಿ ಹೇಳಿದಿರಿ ಅನ್ನಿ. ಕೇಳಿದವನು ಸುಳ್ಳು, ಶಾಲೆ ಸುಳ್ಳಲ್ಲ. ಹೇಳುವ ಜಾಗ ಒಂದು, ಹೇಳಿದ ಸಂಗತಿ ಇನ್ನೊಂದು. ಇದು ಬಿಡಿಸಿಕೊಂಡರೆ ಮುಕ್ಕಾಲು ಸಿನಿಮಾ ಬಿಡಿಸಿದ ಹಾಗೆ.

ಬೆಸುಗೆ ಅಲ್ಲೇ ಇದೆ ಅಂತ ಪಾತ್ರಗಳ ಬಾಯಿಮಾತು ನಂಬದೆ ಸಾಧಿಸಬಹುದೇ? ಸಾಧ್ಯ. ಪ್ರತಿ ದೃಶ್ಯಕ್ಕೂ ‘ಸೆಸಾರ್‌ಗೆ ಬೇಕಿದ್ದದ್ದು ಸಿಕ್ಕಿತೇ?’ ಅಂತ ಕೇಳಿ. ಅಪಘಾತದಿಂದ ಬೆಸುಗೆಯವರೆಗೆ ಉತ್ತರ ಒಂದೇ ಸಮ ‘ಇಲ್ಲ’: ವೈದ್ಯರಿಂದ ಆಗುವುದಿಲ್ಲ, ಸೋಫಿಯಾ ದೂರ ಸರಿಯುತ್ತಾಳೆ. ಬೆಸುಗೆ ದಾಟಿದ ಮರುಗಳಿಗೆ ಸೋಫಿಯಾ ತಾನಾಗಿ ಬರುತ್ತಾಳೆ, ಅದೇ ವೈದ್ಯರಿಗೆ ಹೊಸ ಶಸ್ತ್ರಚಿಕಿತ್ಸೆ ಹೊಳೆಯುತ್ತದೆ, ಮುಖ ಮೊದಲಿನಂತಾಗುತ್ತದೆ. ಇಷ್ಟು ಸಲೀಸಾಗಿ ಎಲ್ಲ ಕೂಡಿಬರುವುದೇ ಅನುಮಾನಕ್ಕೆ ಜಾಗ. ಬಾರಿನಲ್ಲಿ ಆ ಕಂಪನಿಯ ಪ್ರತಿನಿಧಿ ದುವೆರ್ನುವಾ ಬಂದು ‘ಇದು ನಿನ್ನ ಕನಸು’ ಅಂದಾಗ ಇವರೆಲ್ಲ ಬಾಯಿ ಮುಚ್ಚಲಿ ಅಂತ ಸೆಸಾರ್ ಬಯಸುತ್ತಾನೆ, ಇಡೀ ಬಾರು ಒಮ್ಮೆಲೇ ಗಪ್‌ಚುಪ್. ಚಿತ್ರ ಕೈಗೆ ಕೊಡುವ ಅತಿ ದೊಡ್ಡ ಸಾಕ್ಷ್ಯ ಇದು.

ಹಾಗಿದ್ದರೆ ಬಯಸದ ನೂರಿಯಾ ಯಾಕೆ ಬಂದಳು? ಹಾಸಿಗೆಯಲ್ಲಿದ್ದ ಸೋಫಿಯಾ ನೂರಿಯಾ ಆಗುತ್ತಾಳೆ, ಫೋಟೋಗಳಲ್ಲೂ ಅವಳದೇ ಮುಖ. ಕಂಪನಿ ಕೊಟ್ಟದ್ದು ಸುಖದ ಕನಸು, ಅದನ್ನು ದುಃಸ್ವಪ್ನ ಮಾಡಿದ್ದು ಅವನದೇ ಒಳಮನಸ್ಸು. ಅವನು ದಿಂಬು ಒತ್ತಿ ಅವಳನ್ನು ಕೊಂದದ್ದೂ, ಅದಕ್ಕಾಗಿ ಜೈಲು ಸೇರಿದ್ದೂ ಈ ಕೆಟ್ಟ ಕನಸಿನ ಬಾಲವೇ.

ಚಿಕ್ಕಪುಟ್ಟವು

ಜೈಲಿನಲ್ಲಿ ಅವನನ್ನು ಕಾಡುವ ‘ಎಲಿ’ ಹೆಣ್ಣಿನ ಹೆಸರಲ್ಲ, ಎಲ್.ಇ., ಅಂದರೆ ‘ಲೈಫ್ ಎಕ್ಸ್‌ಟೆನ್ಷನ್’. ಸ್ಪ್ಯಾನಿಷ್ ಅಕ್ಷರಗಳನ್ನು ಸ್ಪ್ಯಾನಿಷ್‌ನಲ್ಲೇ ಓದಿದರೆ ‘ಎಲೆ, ಎ’ ಆಗುತ್ತದೆ, ಗುಟ್ಟು ಸಿಗುವುದಿಲ್ಲ. ಇಂಗ್ಲಿಷ್ ಉಚ್ಚಾರ ಬೇಕು.

ಮುಖವಾಡ: ಅದರಡಿ ಮುಖ ಸರಿಯಾಗಿಯೇ ಇದೆ ಅಂತ ಆಂತೋನಿಯೊ, ಇಲ್ಲ ಅಂತ ಸೆಸಾರ್. ಕನಸಿನಲ್ಲಿ ಮುಖ ಸ್ಥಿರವಲ್ಲ, ಇಬ್ಬರಲ್ಲಿ ಯಾರು ಸರಿ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಸ್ಪ್ಯಾನಿಷ್ ನಾಟಕಕಾರ ಕಾಲ್ದೆರೋನ್ 1635ರ ‘ಲಾ ವಿದಾ ಎಸ್ ಸುವೇನ್ಯೊ’ (ಬದುಕು ಒಂದು ಕನಸು) ನಾಟಕದಲ್ಲಿ ಸೆರೆಯಲ್ಲಿದ್ದ ರಾಜಕುಮಾರನಿಗೆ ಮದ್ದು ಕುಡಿಸಿ ಅರಮನೆಗೆ ಒಯ್ದು, ವಾಪಸು ತಂದು, ಕಂಡದ್ದು ಕನಸು ಅನ್ನುತ್ತಾರೆ. ಪಕ್ಕಪಕ್ಕ ಇಟ್ಟು ಓದಲು ಚೆಂದ: ಅಲ್ಲಿ ನಿಜವನ್ನು ಕನಸೆಂದು ನಂಬಿಸಿದರು, ಇಲ್ಲಿ ಕನಸನ್ನು ನಿಜವೆಂದು.

ಕೊನೆ

43 ಅಂತಸ್ತಿನ ತೊರ್ರೆ ಪಿಕಾಸೊ ಕಟ್ಟಡದ ತುದಿ. ತಾನೂ ನಿಜವೇ ಅಂತ ಆಂತೋನಿಯೊ ಗೋಗರೆಯುತ್ತಾನೆ, ಪಾಪ. ಮುಖ ಸರಿಪಡಿಸಬಲ್ಲ ಭವಿಷ್ಯಕ್ಕೆ ಏಳಬೇಕಾದರೆ ಸೆಸಾರ್ ಜಿಗಿಯಬೇಕು. ಜಿಗಿಯುತ್ತಾನೆ, ಪರದೆ ಕಪ್ಪಾಗುತ್ತದೆ, ಒಂದು ಹೆಣ್ಣುದನಿ ಸಮಾಧಾನ ಹೇಳಿ ‘ಆಬ್ರೆ ಲೋಸ್ ಓಹೋಸ್’ ಅನ್ನುತ್ತದೆ. ಅಂಚಿನಲ್ಲಿ ದನಿಗಳ ಪಟ್ಟಿ ಬರೆದುಕೊಂಡಿದ್ದರೆ ಈಗ ತೆಗೆಯಿರಿ: ಅಲಾರಂನಲ್ಲಿ ನೂರಿಯಾ, ಫುಟ್‌ಪಾತಿನಲ್ಲಿ ಸೋಫಿಯಾ. ಈ ಕೊನೆಯ ದನಿಯ ಮುಂದೆ ಯಾವ ಹೆಸರು ಬರೆಯುತ್ತೀರಿ ಅನ್ನುವುದರ ಮೇಲೆ ಅವನು ಎದ್ದನೋ, ಇನ್ನೊಂದು ಕನಸಿಗೆ ಹೊರಳಿದನೋ ಅನ್ನುವುದು ನಿಂತಿದೆ.