ಬಿಲ್ಲಿ ಎಡಚನಲ್ಲ: ‘ದಿ ಲೆಫ್ಟ್ ಹ್ಯಾಂಡೆಡ್ ಗನ್’ ಟಿಪ್ಪಣಿ

1958ರ ಚಿತ್ರ, ನಿರ್ದೇಶಕ ಆರ್ಥರ್ ಪೆನ್‌ಗೆ ಮೊದಲನೆಯದು. 19ನೇ ಶತಮಾನದ ಅಮೆರಿಕದ ಕುಖ್ಯಾತ ಬಂದೂಕುಗಾರ ಬಿಲ್ಲಿ ದಿ ಕಿಡ್ ಪಾತ್ರದಲ್ಲಿ ಪಾಲ್ ನ್ಯೂಮನ್. ಮೂಲ, ಗೋರ್ ವಿಡಾಲ್ ಬರೆದ 1955ರ ಟಿವಿ ನಾಟಕ. ಅದರಲ್ಲೂ ನ್ಯೂಮನ್ನೇ ಬಿಲ್ಲಿ. ಬಿಲ್ಲಿಗೆ ಆಸರೆ ಕೊಟ್ಟ ದನಗಾವಲಿನ ಒಡೆಯ ಟನ್‌ಸ್ಟಲ್‌ನ ಕೊಲೆಯಾಗುತ್ತದೆ, ಹುಡುಗ ಸೇಡಿಗೆ ಹೊರಡುತ್ತಾನೆ.

ಇದನ್ನು ‘ರಿವಿಷನಿಸ್ಟ್ ವೆಸ್ಟರ್ನ್’ (ಹಳೆಯ ಕೌಬಾಯ್ ಚಿತ್ರಗಳ ನಂಬಿಕೆಗಳನ್ನು ಪ್ರಶ್ನಿಸುವ ಚಿತ್ರ) ಅನ್ನುವುದೇಕೆ? ಒಂದು ದೃಶ್ಯ ನೆನಪಿಟ್ಟರೆ ಸಾಕು. ಡೆಪ್ಯುಟಿ ಒಲಿಂಗರ್‌ಗೆ ಬಿಲ್ಲಿಯ ಗುಂಡು ಬಿದ್ದಾಗ ಅವನ ಬೂಟೊಂದು ಬೀದಿಯಲ್ಲೇ ಉಳಿಯುತ್ತದೆ. ಅದನ್ನು ನೋಡಿ ಪುಟ್ಟ ಹುಡುಗಿ ನಗುತ್ತಾಳೆ, ತಾಯಿ ಅವಳ ಕೆನ್ನೆಗೆ ಬಾರಿಸುತ್ತಾಳೆ. ಹಳೆಯ ವೆಸ್ಟರ್ನ್‌ಗಳಲ್ಲಿ ಸಾವಿಗೆ ಇಷ್ಟು ತೂಕ ಇರುತ್ತಿದ್ದುದು ಕಡಿಮೆ.

ಈಗ ನನ್ನನ್ನು ಎರಡು ದಿನ ಕಾಡಿದ ವಿಷಯ: ಹೆಸರಿನಲ್ಲಿರುವ ಎಡಗೈ. ಬಿಲ್ಲಿ ಎಡಚ ಎಂಬ ನಂಬಿಕೆ ಹುಟ್ಟಿದ್ದು ಅವನ ಪ್ರಸಿದ್ಧ ಟಿನ್‌ಟೈಪ್ ಫೋಟೊದಿಂದ, ಅಂದರೆ ತಗಡಿನ ಮೇಲೇ ನೇರವಾಗಿ ಮೂಡಿಸಿದ ಫೋಟೊದಿಂದ. ಅದರಲ್ಲಿ ಪಿಸ್ತೂಲು ಎಡ ಸೊಂಟದಲ್ಲಿ ಕಾಣುತ್ತದೆ. ಆದರೆ ಟಿನ್‌ಟೈಪ್ ಕನ್ನಡಿ ಬಿಂಬ.

‘ಲೆನ್ಸ್ ಚಿತ್ರವನ್ನು ತಿರುಗಿಸುತ್ತದೆ, ಅದಕ್ಕೇ’ ಎಂದು ಬರೆದುಕೊಂಡಿದ್ದೆ. ತಪ್ಪು. ಲೆನ್ಸ್ ತಲೆಕೆಳಗೂ ಮಾಡುತ್ತದೆ, ಎಡಬಲವನ್ನೂ ಬದಲಿಸುತ್ತದೆ. ಎರಡೂ ಸೇರಿದರೆ ಬರೀ ಅರ್ಧ ಸುತ್ತು. ಫೋಟೊವನ್ನು ಕೈಯಲ್ಲಿ ಅಷ್ಟೇ ತಿರುಗಿಸಿದರೆ ನೇರವಾಗಬೇಕಿತ್ತು. ಆಗುವುದಿಲ್ಲ. ಕಾರಣ, ನಾವು ನೋಡುವ ಬದಿ. ಹಳೆಯ ಕ್ಯಾಮೆರಾ ಹಿಂದೆ ನಿಂತವನು ಅದರ ಹಿಂಬದಿಯ ಮಸುಕು ಗಾಜಿನ ಮೇಲೆ ಬಿದ್ದ ಬಿಂಬವನ್ನು ಹಿಂಬದಿಯಿಂದ ನೋಡುತ್ತಾನೆ. ಟಿನ್‌ಟೈಪ್ ಕಬ್ಬಿಣದ ತಗಡು, ಹಿಂದಿನಿಂದ ಏನೂ ಕಾಣದು. ಲೆನ್ಸಿಗೆ ಎದುರಾಗಿದ್ದ ಮುಖವನ್ನೇ ನೋಡಬೇಕು. ನೆಗೆಟಿವ್ ಇದ್ದಿದ್ದರೆ ಪ್ರಿಂಟ್ ಹಾಕುವಾಗ ಇನ್ನೊಮ್ಮೆ ಮಗುಚಿ ಸರಿಹೋಗುತ್ತಿತ್ತು. ಇಲ್ಲಿ ತಗಡೇ ಫೋಟೊ. ತೆಳು ಕಾಗದದ ಮೇಲೆ ‘ಕ’ ಬರೆದು, ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ. ಕಾಗದವನ್ನು ಎಷ್ಟು ಸುತ್ತಿಸಿದರೂ ಅದು ನೇರವಾಗುವುದಿಲ್ಲ. ನನಗೆ ಅರ್ಥವಾಗಿದ್ದು ಆಗಲೇ.

ಸಾಕ್ಷಿಯೂ ಅದೇ ಫೋಟೊದಲ್ಲಿದೆ. ವಿಂಚೆಸ್ಟರ್ 1873 ಬಂದೂಕಿಗೆ ಗುಂಡು ತುಂಬುವ ಕಿಂಡಿ ಬಲಬದಿಗೆ, ಫೋಟೊದಲ್ಲಿ ಎಡಕ್ಕಿದೆ.

ಇತಿಹಾಸದಿಂದ ಬೇರೆಯಾದ ಇನ್ನೆರಡು ಅಂಶ. ಚಿತ್ರದ ಟನ್‌ಸ್ಟಲ್ ತಂದೆಯಂಥ ಹಿರಿಯ. 1878ರ ಫೆಬ್ರವರಿ 18ರಂದು ಕೊಲೆಯಾದ ನಿಜವಾದ ಟನ್‌ಸ್ಟಲ್‌ಗೆ ಆಗ 24 ವರ್ಷ. ಚಿತ್ರದ ಬಿಲ್ಲಿಗೆ ಓದುಬರಹ ಬಾರದು; ನಿಜವಾದವನು ನ್ಯೂ ಮೆಕ್ಸಿಕೊದ ಗವರ್ನರ್ ಲ್ಯೂ ವಾಲೇಸ್‌ಗೆ ಪತ್ರ ಬರೆದಿದ್ದ.

ಆದರೂ ಮಗುಚಿದ ಫೋಟೊದಿಂದ ಬಂದ ಹೆಸರು ಚಿತ್ರಕ್ಕೆ ಒಪ್ಪುತ್ತದೆ ಅನ್ನಿಸುತ್ತದೆ ನನಗೆ. ಚಿತ್ರದಲ್ಲಿ ಮೌಲ್ಟ್ರಿ ಎಂಬವನು ಬಿಲ್ಲಿಯ ಕಥೆಗಳನ್ನು ಓದಿ ಅವನನ್ನು ಆರಾಧಿಸುತ್ತಾನೆ. ಎದುರಿಗಿರುವ ಹುಡುಗ ಆ ಕಥೆಗಳ ಬಿಲ್ಲಿಯಲ್ಲ ಎಂದು ಗೊತ್ತಾದಾಗ ದ್ರೋಹ ಬಗೆಯುತ್ತಾನೆ. ಕೊನೆಗೆ ಬಿಲ್ಲಿ ಪಿಸ್ತೂಲಿಲ್ಲದ ಸೊಂಟಕ್ಕೆ ಕೈ ಹಾಕುತ್ತಾನೆ. ಶೆರಿಫ್ ಪ್ಯಾಟ್ ಗ್ಯಾರೆಟ್ ಗುಂಡು ಹಾರಿಸುತ್ತಾನೆ.