ಗದ್ದೆ ಮಣ್ಣಿನ ಬಣ್ಣದ ಡಬ್ಬಿ

ಶಿವರಾತ್ರಿಗೆ ಮಂಡ್ಯದ ಹತ್ತಿರ ಅಕ್ಕನ ಊರಿಗೆ ಹೋಗಿದ್ದೆ. ಅವಳ ಮಗಳಿಗೆ ಸ್ಕೂಲಲ್ಲಿ ಪ್ರಕೃತಿಯ ಚಿತ್ರ ಬರೆದು ತರೋಕೆ ಹೇಳಿದ್ದರಂತೆ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹಾಳೆ ತುಂಬ ಭತ್ತದ ಹಸಿರು. ಗುಡ್ಡ, ಸೂರ್ಯ ಸರಿ. ಆ ಹಸಿರನ್ನು ಪ್ರಕೃತಿಯ ಲೆಕ್ಕಕ್ಕೆ ಹಾಕೋದು ಹೇಗೆ?

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ನಾಲೆ ನೀರು ಹುಲಿಕೆರೆ ಸುರಂಗ ದಾಟಿ ಬರುವವರೆಗೆ ಈ ಕಡೆ ಹೆಚ್ಚಾಗಿ ಮಳೆ ನಂಬಿದ ರಾಗಿ, ಹುರುಳಿ ಹೊಲಗಳೇ. (ಶ್ರೀರಂಗಪಟ್ಟಣದ ಕಡೆ ಚಿಕ್ಕದೇವರಾಯ ನಾಲೆಯ ಹಳೇ ಗದ್ದೆಗಳ ಮಾತು ಬೇರೆ.) 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು, ಕಬ್ಬು ಹಬ್ಬಿತು.

ಇದನ್ನೆಲ್ಲ ಹೇಳಿದರೆ ಹುಡುಗಿ ಆಕಳಿಸುತ್ತಾಳೆ. ಅದಕ್ಕೆ, ಮಣ್ಣಿನಲ್ಲೇ ಬಣ್ಣ ಬಳಿಯೋಣ ಬಾ ಅಂದೆ. ರಂಗೋಲಿಗೆ ಕೆಮ್ಮಣ್ಣಿನ ಅಂಚು ಕಟ್ಟುವ ಜನಕ್ಕೆ ಇದೇನು ಹೊಸದಲ್ಲ, ಅಲ್ವಾ? ನಾಲೆ ನೀರು ಹತ್ತದ ದಿಣ್ಣೆ ಹೊಲದಿಂದ ಒಂದು ಹಿಡಿ, ನೀರು ನಿಂತ ಗದ್ದೆಯಿಂದ ಒಂದು, ಚೌಳು ಹಿಡಿದ ಮೂಲೆಯಿಂದ ಇನ್ನೊಂದು. ಗೋಂದು ಕಲಸಿದೆವು.

"ಮಾವ, ಗದ್ದೆ ಮಣ್ಣು ಯಾಕೆ ಬೂದಿ ಬಣ್ಣ?"

ಹೊಲದ ಕೆಂಪು ಅಂದರೆ ಕಬ್ಬಿಣದ ತುಕ್ಕು. ಮಣ್ಣಿನ ಕಣಗಳಿಗೆ ತೆಳ್ಳಗೆ ಮೆತ್ತಿಕೊಂಡಿರುತ್ತದೆ. ಗದ್ದೆಯಲ್ಲಿ ನೀರು ನಿಂತೇ ಇದ್ದರೆ ಒಳಗೆ ಗಾಳಿಯಾಡುವುದಿಲ್ಲ. ಆಗ ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಜಾಗದಲ್ಲಿ ತುಕ್ಕನ್ನೇ ಬಳಸಿಕೊಂಡು ಉಸಿರಾಡುತ್ತವೆ. ಕಬ್ಬಿಣ ರೂಪ ಬದಲಿಸಿ ನೀರಿನಲ್ಲಿ ಕರಗುತ್ತದೆ. ಕೆಂಪು ಮಾಯ, ಬೂದಿ ಬಣ್ಣ ಉಳಿಯುತ್ತದೆ. ಭತ್ತ ಮಾತ್ರ ಜಾಣ. ಎಲೆಯಿಂದ ಬೇರಿಗೆ ಗಾಳಿ ಇಳಿಸಿಕೊಂಡು, ಸುತ್ತಲೂ ಚೂರು ಸೋರಿಸುತ್ತದೆ. ಗದ್ದೆಯಿಂದ ಒಂದು ಪೈರು ಕಿತ್ತು ನೋಡಿ, ಬೇರಿನ ಮೇಲೆ ಕಂದು ಲೇಪ ಕಾಣುತ್ತದೆ. ಅದೇ ತುಕ್ಕು.

ಚೌಳಿನದು ಚಿಕ್ಕ ಕಥೆ. ಬಸಿಗಾಲುವೆ ಸರಿಯಿಲ್ಲದ ಕಡೆ ನೆಲದೊಳಗಿನ ನೀರು ಮೇಲೇರುತ್ತದೆ. ಬತ್ತಿಗೆ ಎಣ್ಣೆ ಹತ್ತಿದ ಹಾಗೆ ಮಣ್ಣಿನ ಸಂದಿಗಳಲ್ಲಿ ಹತ್ತಿ, ಬಿಸಿಲಿಗೆ ಆರಿ, ಉಪ್ಪನ್ನು ಮೇಲೇ ಬಿಟ್ಟುಹೋಗುತ್ತದೆ. ಹಿಂದೆ ಅಗಸರು ಬಟ್ಟೆ ಒಗೆಯಲು ಚೌಳು ಮಣ್ಣು ಬಳಸುತ್ತಿದ್ದರು. ಪೈರಿಗೆ ಅದು ಆಗಿಬರೋದಿಲ್ಲ.

ಚಿತ್ರ ಮುಗಿಯಿತು. ದಿಣ್ಣೆ ಕೆಂಪು, ಬಯಲು ಬೂದಿ, ಅಂಚಿಗೆ ಬಿಳಿ. ಹಸಿರು ಎಲ್ಲೂ ಇಲ್ಲ. ನನಗಂತೂ ಇದೇ ಮಂಡ್ಯದ ನಿಜವಾದ ಚಿತ್ರ ಅನ್ನಿಸಿತು. ಅಕ್ಕನಿಗೆ ಅದು ಸುಮ್ನೆ ಕೆಸರು.

ಬೆಳಿಗ್ಗೆ ಹುಡುಗಿ ಹಾಳೆ ಹಿಡಿದು ಓಡಿಬಂದಳು. "ಮಾವ, ಗದ್ದೆ ಬಣ್ಣ ಬದಲಾಗ್ಬಿಟ್ಟಿದೆ!"

ಹೌದು. ಗಾಳಿ ತಾಗಿ ಕಬ್ಬಿಣಕ್ಕೆ ಮತ್ತೆ ತುಕ್ಕು ಹಿಡಿದಿತ್ತು. ಬೂದಿ ಬಯಲಿನ ಮೇಲೆ ಅಲ್ಲಲ್ಲಿ ಕಂದು ಮಚ್ಚೆ.